ಗುಬ್ಬಿಯ ನಾಲ್ಕನೇ ಎರಡು

ಚಿರಂಜೀವಿ ಮೊಮ್ಮಗಳು ಗುಬ್ಬಿಗೆ ತಾತನ ಮನಃಪೂರ್ವಕ ಆಶೀರ್ವಾದಗಳು.

ಭಗವಂತನ ಕೃಪೆಯಿಂದ ಆರೋಗ್ಯವಾಗಿದ್ದೇನೆ. ನೀನು ಲೆಕ್ಕ ಕಲಿಯಲು ನನ್ನ ಮನೆಗೆ ಬಾರದೆ ಇಂದಿಗೆ ನಾಲ್ಕನೆಯ ಶನಿವಾರ.

ಕಡೆಯ ಸಲ ಬಂದ ದಿನ, ಅರ್ಧವೆಂದು ಬರೆಯಬೇಕಾದಲ್ಲಿ ನೀನು ಲೆಕ್ಕದ ಪುಸ್ತಕದಲ್ಲಿ ನಾಲ್ಕನೇ ಎರಡು ಎಂದು ಬರೆದಿದ್ದೆ. ನಾನು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿದೆನು. "ಎರಡೂ ಒಂದೇ ತಾತ! ಬೇಕಿದ್ರೆ ಈ ಪಟ್ಟಿ ಮಡಚಿ ನೋಡು," ಎಂದು ನೀನು ಕಾಗದದ ಪಟ್ಟಿಯೊಂದನ್ನು ಮುಂದಿಟ್ಟೆ. "ನನಗೇ ಪಾಠ ಹೇಳ್ತೀಯಾ, ಅಧಿಕಪ್ರಸಂಗಿ!" ಎಂದು ನಾನು ಗದರಿದೆನು. ನೀನು ಅಳಲಿಲ್ಲ; ಚೀಲವನ್ನು ಹೆಗಲಿಗೇರಿಸಿ ಹೊರಟುಹೋದೆ.

ಇಂದು ಕನ್ನಡಕ ಧರಿಸಿ ಆ ಪಟ್ಟಿಯನ್ನು ಮಡಚಿದೆನು. ನಾಲ್ಕು ಭಾಗಗಳಲ್ಲಿ ನೀನು ನೀಲಿ ಬಳಿದಿದ್ದ ಎರಡು ಭಾಗಗಳು ನಡುಮಡಿಕೆಗೆ ಸರಿಯಾಗಿ ಬಂದು ನಿಂತವು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಅರವತ್ತು ವರ್ಷ ಗ್ರಂಥಗಳನ್ನು ಓದಿದವನು ಗೇಣುದ್ದದ ಕಾಗದವನ್ನು ಓದದೆ ಹೋದೆನು. ತಪ್ಪು ನನ್ನದು. ಆ ಪುಸ್ತಕವನ್ನು ತಂದರೆ ನನ್ನ ಗೆರೆಯ ಪಕ್ಕದಲ್ಲಿ ನಾನೇ 'ಸರಿ' ಎಂದು ಬರೆದು ಸಹಿ ಹಾಕುವೆನು.

ನಿನಗೆ ಮೇಜು ಎಟುಕಲೆಂದು ಕುರ್ಚಿಯ ಮೇಲಿಟ್ಟಿದ್ದ ದಪ್ಪ ನಿಘಂಟನ್ನು ನಾನಿನ್ನೂ ತೆಗೆದಿಲ್ಲ. ಓದುವಾಗ ಅರ್ಥವಾಗದ ಪದಗಳು ಬಂದರೆ ಹಾಗೆಯೇ ದಾಟಿಹೋಗುತ್ತಿದ್ದೇನೆ.

ಶನಿವಾರ ನಿನಗೀಗ ಬೇರೆ ಕಡೆ ಪಾಠವೆಂದು ನಿನ್ನ ಅಮ್ಮ ಹೇಳಿದಳು. ವಾರಕ್ಕೆ ಅರ್ಧ ಗಂಟೆ ನನಗೆ ಕೊಡು. ಒಟ್ಟಿಗೆ ಆಗದಿದ್ದರೆ ಕಾಲು ಗಂಟೆಯಂತೆ ಎರಡು ದಿನ ಬಾ. ಲೆಕ್ಕದಲ್ಲಿ ಎರಡೂ ಸಮವೇ. ಆದರೆ ಹಾಗೆ ಬಂದರೆ ನೀನು ಎರಡು ಸಲ ಬಾಗಿಲು ತಟ್ಟುವೆ.

ನಿನ್ನ ದಾರಿ ನೋಡುತ್ತಿರುವ,
ತಾತ