ಗೇರಿಗೆ ಹಚ್ಚಿದ ಕುಂಕುಮ

ಸುರಪುರ, ೧೪ ಅಕ್ಟೋಬರ್ ೧೯೫೬, ರವಿವಾರ

ಬನ್ನಿ ಹಬ್ಬದ ದಿನವೂ ನಮ್ಮನೆಯವರು ನನ್ನ ಪರವಾಗಿ ಒಂದು ಮಾತಾಡಲಿಲ್ಲ. ಅದೇ ಕೊರೆಯುತ್ತಿದೆ.

ನಿನ್ನೆ ಆಯುಧಗಳ ಖಂಡೇಪೂಜೆಯಲ್ಲಿ ಇವರ ಗ್ಯಾರೇಜಿನ ಪಾನಾ, ಸುತ್ತಿಗೆಗಳ ಜೊತೆ, ವಕೀಲರ ಕಾರಿಗೆ ತರಿಸಿದ್ದ ಎರಡು ಟೈಮಿಂಗ್ ಗೇರುಗಳಿಗೂ ಕುಂಕುಮ ಹಚ್ಚಿದ್ದೆ. ಒಂದೊಂದು ಗೇರಿನ ಒಂದು ಹಲ್ಲಿಗೆ ಕಂಪನಿಯವರು ಗುರುತು ಕುಟ್ಟಿರುತ್ತಾರೆ. ಆ ಎರಡೂ ಎದುರುಬದುರಾಗಿ ಕೂತರೇ ಎಂಜಿನ್ ನಡೆಯುವುದು. ಗ್ರೀಸು ಹೀರಿ ಬಣ್ಣದಂತಾಗಿದ್ದ ನನ್ನ ಕುಂಕುಮವನ್ನೇ ಇವರು ಇವತ್ತು ಬೆಳಿಗ್ಗೆ ಗುರುತೆಂದು ತಿಳಿದು ಕೂಡಿಸಿಬಿಟ್ಟರು. ಶುರು ಮಾಡಿದೊಡನೆ ಕಾರು ಢಬ್ಬೆಂದು ಹೊಗೆ ಉಗುಳಿ ನಿಂತಿತು.

ಕನ್ನಡ ರಾಜ್ಯ ಒಂದಾಗುವ ಸಭೆಗೆಂದು ಯಾದಗಿರಿಗೆ ಹೊರಟಿದ್ದ ವಕೀಲರು, ನಾನು ಗೇರಿಗೆ ಕುಂಕುಮ ಹಚ್ಚಿದ್ದನ್ನು ಇವರಿಂದ ಕೇಳಿ ಸಿಟ್ಟಾದರು. “ಹೆಣ್ಮಕ್ಕಳ ಪೂಜಿ ಅಡಗಿಮನ್ಯಾಗ ಇರಲಿ, ಮಾನಪ್ಪ.”

ಇವರು ಹೌದೆಂಬಂತೆ ತಲೆಯಾಡಿಸಿದರು.

ನಾನು ಗೇರು ಬಿಚ್ಚಿಸಿ, ಚಿಮಣಿ ಎಣ್ಣೆಯಲ್ಲಿ ಒರೆಸಿದೆ. ಕುಟ್ಟಿದ ಗುರುತು ಬೇರೆ ಹಲ್ಲಿನ ಮೇಲಿತ್ತು.

“ಹಚ್ಚಿದಾಕಿ ನಾನು, ಖರೆ. ಒರಸದ ಕೂಡಿಸಿದವ್ರು ಯಾರ್ರಿ?” ಎಂದೆ.

ಇವರು ಗುರುತಿಗೆ ಗುರುತು ಹಿಡಿದು ಮತ್ತೆ ಕೂಡಿಸಿದ ಮೇಲೆ ಕಾರು ಶುರುವಾಯಿತು. ವಕೀಲರು ಹಬ್ಬದ ಬನ್ನಿ ಎಲೆ ಕೊಟ್ಟು ನಕ್ಕರು. “ಬರೂ ವರ್ಷ ಗೇರಿಗಿ ಹಚ್ಚಬ್ಯಾಡವ್ವ.”

ಹಚ್ಚುತ್ತೇನೆ. ಕುಟ್ಟಿದ ಆ ಗುರುತಿನ ಮೇಲೇ ಹಚ್ಚುತ್ತೇನೆ.