ಸಂಗೀತದ ಮಿಸ್ ಸಮ್ಮೇಳನಕ್ಕೆ ಹೋಗಿಬಂದದ್ದು

ಶಿಡ್ಲಘಟ್ಟ
೨೨ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ಕಹಕಶಾನ್‌ಗೆ,

ನಿನ್ನ ಮಿಸ್ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನನ್ನ ಎಡಮಂಡಿ ಮತ್ತು ನಮ್ಮ ಶಾಲೆಯ ಹಾರ್ಮೋನಿಯಂ ಬಿಟ್ಟರೆ ಉಳಿದವರೆಲ್ಲ ಕ್ಷೇಮ. ನೀನು ಗೌರಿಬಿದನೂರಿನಿಂದ ಕಾಗದ ಹಾಕಿ ತಿಂಗಳಾಗುತ್ತ ಬಂತು. ಮಿಸ್ ಓದಿ ಸುಮ್ಮನಾದರು ಎಂದುಕೊಂಡಿರುತ್ತೀಯ. ಸುಮ್ಮನಾದದ್ದಲ್ಲ ಕಣಮ್ಮ. ಚಿಕ್ಕಬಳ್ಳಾಪುರದಲ್ಲಿ ನಮ್ಮ ಸಂಗೀತ ಶಿಕ್ಷಕರ ಸಮ್ಮೇಳನ ಮುಗಿಯಲಿ, ಅಲ್ಲಿಂದ ಖಚಿತವಾದ ಸುದ್ದಿ ತಂದೇ ಬರೆಯೋಣ ಎಂದು ಕಾದೆ. ಸಮ್ಮೇಳನ ಮುಗಿದ ಮೇಲೆ ನೀನು ಫೋನ್ ಮಾಡಿದ್ದನ್ನೂ ನೋಡಿದೆ, ಎತ್ತಲಿಲ್ಲ. ನಿನ್ನ ‘ಹಲೋ ಮಿಸ್’ ಕಿವಿಗೆ ಬಿದ್ದರೆ ನಾನು ಸುಳ್ಳು ಹೇಳಿಬಿಡುತ್ತೇನೆ. ಬರೆಯುವಾಗ ಸುಳ್ಳು ಅಷ್ಟು ಸಲೀಸಾಗಿ ಬರುವುದಿಲ್ಲ. ಅದಕ್ಕೇ ಈ ಕಾಗದ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ.

ನೀನು ಕೇಳಿದ್ದು ಒಂದೇ ಮಾತು. ನೀನು ಈಗಿರುವ ಶಾಲೆಯಲ್ಲಿ ಮುಂದಿನ ಜೂನ್‌ನಿಂದ ಸಂಗೀತದ ಪೀರಿಯಡ್ ಎತ್ತಿಬಿಡುತ್ತಾರಂತೆ. ನಿನ್ನನ್ನು ಕಳಿಸುವುದಿಲ್ಲವಂತೆ, ಹಿಂದಿ ಟೀಚರ್ ಮಾಡಿ ಕಾಯಂ ಮಾಡಿಕೊಳ್ಳುತ್ತಾರಂತೆ. ಉರ್ದು ಮನೆಯ ಹುಡುಗಿ, ಹಿಂದಿ ತಾನಾಗೇ ಬರುತ್ತದೆ ಎಂದರಂತೆ ನಿಮ್ಮ ಸೆಕ್ರೆಟರಿ. ಹೊಸ ವರ್ಷದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ‘ಸರ್ಕಾರ ಸಂಗೀತ ಟೀಚರ್ ಪೋಸ್ಟ್ ಕರೆಯುತ್ತೆ ಅಂತ ನೀವು ಒಂದು ಮಾತು ಹೇಳಿ ಮಿಸ್, ಎಷ್ಟು ವರ್ಷ ಬೇಕಾದರೂ ಕಾಯ್ತೀನಿ’ ಎಂದು ಬರೆದಿದ್ದೀಯ. ಇಷ್ಟು ಭಾರದ ತಕ್ಕಡಿಯನ್ನು ನನ್ನ ಕೈಗೆ ಕೊಟ್ಟು ನೀನು ಆರಾಮಾಗಿ ನಿಂತಿದ್ದೀಯ. ಒಳ್ಳೆ ಹುಡುಗಿ.

ಸಮ್ಮೇಳನಕ್ಕೆ ಹೋಗುವ ಹಿಂದಿನ ವಾರ ನಿಮ್ಮ ಅಮ್ಮ ಬಾನು ರೇಷ್ಮೆಗೂಡಿನ ಮಾರ್ಕೆಟ್ ಹತ್ತಿರ ಸಿಕ್ಕಿದ್ದರು. ನಿಮ್ಮ ಅಬ್ಬಾ ಲಾಲ್ ಬಾಷಾ ಅವರ ರೀಲಿಂಗ್ ಕೆಲಸ ಮೊದಲಿನ ಹಾಗಿಲ್ಲ, ಕೈ ಬೇರೆ ಬಿಸಿನೀರಿನಲ್ಲಿ ಬೆಂದು ಬೆಂದು ಸ್ಪರ್ಶವೇ ಹೋಗಿದೆ ಎಂದರು. ಆಮೇಲೆ ನನ್ನ ಸೆರಗಿನ ಅಂಚು ಹಿಡಿದುಕೊಂಡು ಮೆಲ್ಲಗೆ ಹೇಳಿದರು: “ಆ ಹಿಂದಿ ಕೆಲ್ಸ ಹಿಡ್ಕೋ ಅಂತ ನೀವೇ ಹೇಳಿ ಟೀಚರಮ್ಮ. ನಾವ್ ಹೇಳಿದ್ರೆ ಹಾಡಿಗೆ ದುಶ್ಮನ್ ಅಂತಾಳೆ. ನಿಮ್ ಮಾತು ತೆಗ್ದುಹಾಕಲ್ಲ ಅವ್ಳು.” ಸಮ್ಮೇಳನಕ್ಕೆ ಹೋಗಿಬಂದು ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ.

ಹೋಗಿಬರುವುದೇನು ಸುಲಭವೇ? ಸಮ್ಮೇಳನಕ್ಕೆ ಹೋಗುವ ಶಿಕ್ಷಕರಿಗೆ ಓಓಡಿ ಎಂದು ಒಂದು ಸವಲತ್ತಿದೆ, ಬೇರೆ ಕಡೆ ಕೆಲಸದ ಮೇಲೆ ಹೋಗಿದ್ದಾರೆ ಎಂದು ಬರೆದುಕೊಳ್ಳುತ್ತಾರೆ, ರಜೆ ಕಳೆಯುವುದಿಲ್ಲ. ಅದನ್ನು ಕೇಳಲು ಹೋದಾಗ ನಮ್ಮ ಹೆಡ್‌ಮಾಸ್ಟರು ಕನ್ನಡಕದ ಮೇಲಿಂದ ನೋಡಿ, ಗಣಿತದವರು ಹೋದರೆ ಏನಾದರೂ ಕಲಿತು ಬರುತ್ತಾರೆ, ನೀವು ಹೋಗಿ ಏನು ಕಲಿಯುತ್ತೀರಿ, ಸರಿಗಮ ಬದಲಾಗಿದೆಯೇ ಎಂದರು. ಸ್ಟಾಫ್ ರೂಮಿನವರೆಲ್ಲ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಆ ಸವಲತ್ತೂ ಸಿಗುತ್ತಿರಲಿಲ್ಲ. ಹತ್ತನೇ ಕ್ಲಾಸಿನ ಸಂಗೀತದ ಪೀರಿಯಡ್ ದಸರಾ ಆದ ಮೇಲೆ ಗಣಿತಕ್ಕೆ ಹೋಗಿದೆ, ನಾನು ಆ ಹೊತ್ತಿನಲ್ಲಿ ಮಕ್ಕಳಿಗೆ ಹಂಚುವ ಮೊಟ್ಟೆ ಬೇಯಿಸಿದ್ದಾರೋ ಇಲ್ಲವೋ ನೋಡಿಕೊಳ್ಳುತ್ತೇನೆ. ಮೊಟ್ಟೆ ಸುಲಿಯುವುದರಲ್ಲಿ ಈಗ ನನ್ನನ್ನು ಮೀರಿಸುವವರಿಲ್ಲ.

ಸಮ್ಮೇಳನ ನಡೆದದ್ದು ಚಿಕ್ಕಬಳ್ಳಾಪುರದ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನ ಯಾರದೋ ಮದುವೆ ಆಗಿತ್ತು, ವೇದಿಕೆಯ ಹಿಂದಿನ ಹೂವಿನ ಚಪ್ಪರ ಹಾಗೇ ಇತ್ತು. ಅದರ ಮೇಲೆಯೇ ನಮ್ಮ ಬ್ಯಾನರ್ ಕಟ್ಟಿದ್ದರು. ನಿನಗೆ ಚಿಂತಾಮಣಿಯ ವೇಣುಗೋಪಾಲ್ ಮೇಷ್ಟ್ರು ನೆನಪಿರಬೇಕು. ನೀನು ಸೀನಿಯರ್ ಪರೀಕ್ಷೆ ಕಟ್ಟಿದಾಗ ತಾಳ ತಿದ್ದಿದವರು. ಅವರು ನನಗಿಂತ ಮುಂಚೆಯೇ ಬಂದು ಪಕ್ಕದ ಕುರ್ಚಿಯ ಮೇಲೆ ಟವೆಲ್ ಹಾಕಿ ಜಾಗ ಹಿಡಿದಿದ್ದರು. ಬರುವ ಮೇ ತಿಂಗಳಿಗೆ ಅವರಿಗೂ ನಿವೃತ್ತಿ. ಸುತ್ತ ನೋಡಿದೆ. ಎಲ್ಲ ನಮ್ಮಂಥವೇ ತಲೆಗಳು, ಬಣ್ಣ ಹಚ್ಚಿದವು ಕೆಲವು, ಹಚ್ಚದವು ಹೆಚ್ಚು.

ಶಿಕ್ಷಣ ಇಲಾಖೆಯ ಒಬ್ಬ ಅಧಿಕಾರಿ ಬಂದಿದ್ದರು. ಅವರು ಬರುತ್ತಾರೆ ಎಂಬ ಆಸೆಗೇ ಈ ಸಲ ಅಷ್ಟು ಜನ ಸೇರಿದ್ದು. ಸಂಗೀತ ಇಲ್ಲದ ಶಾಲೆ ಶಾಲೆಯೇ ಅಲ್ಲ ಎಂದು ಚೆನ್ನಾಗಿ ಮಾತಾಡಿದರು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಭಾಷಣ ಮುಗಿಸಿ ಅವರು ಕಾರಿನ ಕಡೆ ನಡೆದಾಗ ನಮ್ಮ ಸಂಘದ ಅಧ್ಯಕ್ಷರು ವೆಂಕಟರವಣಪ್ಪನವರು ಹಾರ, ಶಾಲು ಹೊತ್ತುಕೊಂಡು ಹಿಂದೆ ಹೋದರು. ನಾನೂ ಹೋದೆ. ಮಂಡಿ ನೋವು ಮರೆತುಹೋಗಿತ್ತು. ನಿನಗಾಗಿ ಹೋದದ್ದು ಎಂದು ಹೇಳಿದರೆ ದೊಡ್ಡಸ್ತಿಕೆ ಎಂದುಕೊಳ್ಳಬೇಡ. ಕಾರಿನ ಬಾಗಿಲಲ್ಲಿ ನಿಂತು ಕೇಳಿಯೇ ಬಿಟ್ಟೆ: ಸಾರ್, ನಾವು ನಿವೃತ್ತರಾದ ಜಾಗಕ್ಕೆ ಹೊಸಬರನ್ನು ಯಾವಾಗ ತೆಗೆದುಕೊಳ್ಳುತ್ತೀರಿ, ನನ್ನ ಶಿಷ್ಯೆಯೊಬ್ಬಳು ಎಲ್ಲ ಪರೀಕ್ಷೆ ಪಾಸು ಮಾಡಿ ಕಾಯುತ್ತಿದ್ದಾಳೆ.

ಆತ ಕೆಟ್ಟ ಮನುಷ್ಯನಲ್ಲ. ಸಿಡುಕಲಿಲ್ಲ, ಕಾರಿನೊಳಗಿಂದಲೇ ಸಮಾಧಾನವಾಗಿ ಹೇಳಿದರು: “ಇರೋರು ಇರೋವರ್ಗೂ ನಡೀಲಿ ಅಂತ ಇದೆ ಮೇಡಂ. ಆಮೇಲೆ ಆ ಪೋಸ್ಟೇ ಇರಲ್ಲ. ಆ ಹುಡುಗೀನ ಕಾಯಿಸ್ಬೇಡಿ, ಪಾಪ.”

ಪಾಪ ಎಂದರು ನೋಡು. ಬೈದಿದ್ದರೆ ಜಗಳವಾಡುತ್ತಿದ್ದೆ. ವೆಂಕಟರವಣಪ್ಪನವರು ಕಾರಿಗೆ ಕೈಮುಗಿದು, ನನ್ನ ಕಡೆ ತಿರುಗಿ, ಇದನ್ನು ಒಳಗೆ ಯಾರಿಗೂ ಹೇಳಬೇಡಿ, ನಾಳೆಯ ಊಟಕ್ಕೂ ಜನ ಉಳಿಯುವುದಿಲ್ಲ ಎಂದರು. ನಾನು ಹೇಳಲಿಲ್ಲ. ಆದರೂ ಸುದ್ದಿ ಸಾಂಬಾರಿನ ವಾಸನೆಯ ಹಾಗೆ ಒಳಗೆ ಹೋಗಿಯಾಗಿತ್ತು. ಮಾರನೆಯ ದಿನ ಹಾಜರಿ ಪ್ರಮಾಣಪತ್ರ ಸಿಕ್ಕಿದ ಕೂಡಲೇ ಅರ್ಧ ಜನ ಬಸ್ ಸ್ಟ್ಯಾಂಡಿಗೆ ಹೊರಟರು. ಉಳಿದವರು ನಿರ್ಣಯಗಳನ್ನು ಓದಿದೆವು. ಹುದ್ದೆ ತುಂಬಬೇಕು, ಪೀರಿಯಡ್ ಉಳಿಸಬೇಕು, ವಾದ್ಯ ಕೊಡಿಸಬೇಕು. ಇವನ್ನೇ ಮೊದಲ ಸಮ್ಮೇಳನದಲ್ಲೂ ಓದಿದ್ದೆವು, ಆಗ ನನ್ನ ಜಡೆ ಸೊಂಟದವರೆಗೂ ಇತ್ತು. ವೇಣುಗೋಪಾಲ್ ಮೇಷ್ಟ್ರು ಬಾಳೆಎಲೆಯ ಮುಂದೆ ಕೂತು ನನ್ನ ಕಡೆ ಬಾಗಿ, “ಅಮ್ಮಾ, ಇದು ಸಮ್ಮೇಳನ ಅಲ್ಲ, ತಿಥಿ. ವಡೆ ಬೇರೆ ಹಾಕವ್ರೆ ನೋಡಿ” ಎಂದರು. ಇಬ್ಬರೂ ನಕ್ಕೆವು. ಪಾಯಸ ಬರುವ ಹೊತ್ತಿಗೆ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಹಾಗಾದರೆ ಇಷ್ಟು ವರ್ಷ ಈ ಸಮ್ಮೇಳನಗಳಿಗೆ ಹೋದದ್ದೆಲ್ಲ ದಂಡವೇ ಎಂದು ನೀನು ಕೇಳಬಹುದು. ಹಾಗೆ ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಗಣಿತದವರಿಗೆ ಶಾಲೆಯಲ್ಲೇ ಜೊತೆಗಾರರಿರುತ್ತಾರೆ, ತಿಳಿಯದ್ದನ್ನು ಪಕ್ಕದ ಕುರ್ಚಿಯವರನ್ನು ಕೇಳುತ್ತಾರೆ. ನಾನು ಯಾರನ್ನು ಕೇಳಲಿ? ಇಡೀ ತಾಲ್ಲೂಕಿಗೆ ನಾನೊಬ್ಬಳೇ. ದಿಬ್ಬೂರಹಳ್ಳಿಯ ಕಡೆಯ ಶಾಲೆಗಳವರು ಆಗಸ್ಟ್ ಹದಿನೈದು ಬಂತೆಂದರೆ ಹಾಡು ಕಲಿಸಿ ಎಂದು ನನ್ನನ್ನೇ ಕರೆಯುತ್ತಾರೆ. ವರ್ಷಕ್ಕೊಮ್ಮೆ ನನ್ನ ಕಸುಬಿನ ಮಾತು ತಿಳಿಯುವ ಮನುಷ್ಯರ ಮುಖ ನೋಡುತ್ತಿದ್ದುದು ಅಲ್ಲಿ ಮಾತ್ರ.

ನೀನು ಎಂಟನೇ ಕ್ಲಾಸಿನಲ್ಲಿದ್ದ ವರ್ಷದ ಸಂಗತಿ ಹೇಳುತ್ತೇನೆ. ಎಲ್ಲರೂ ಒಂದು ಕಡೆ ಹಾಡಿದರೆ ನೀನು ಎಲ್ಲೋ ಕೆಳಗೆ ಗೊಣಗುತ್ತಿದ್ದೆ. ಪಕ್ಕದವರು ನಕ್ಕರೆಂದು ಬಾಯಿ ಮಾತ್ರ ಆಡಿಸುವುದನ್ನು ಕಲಿತಿದ್ದೆ. ಈ ಮಗುವಿಗೆ ಕಂಠವೇ ಇಲ್ಲ ಎಂದು ನಾನು ಕೈಬಿಡುವುದರಲ್ಲಿದ್ದೆ. ಆ ಸಲದ ಸಮ್ಮೇಳನ ತುಮಕೂರಿನಲ್ಲಿ. ಭಾಷಣಗಳು ಒಂದೂ ನೆನಪಿಲ್ಲ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಹಿಂದಿದ್ದ ಹಾಸನದ ಕಡೆಯ ಟೀಚರೊಬ್ಬರ ಹತ್ತಿರ ನಿನ್ನ ವಿಚಾರ ಹೇಳಿಕೊಂಡೆ. ಆಕೆ ಹೇಳಿದರು: “ಸ್ವರ ಸೇರದ ಮಗೂನ ನಮ್ಮ ಶ್ರುತಿಗೆ ಎಳೀಬಾರ್ದು ರೀ. ಅದು ಎಲ್ಲಿ ಹಾಡ್ತಿದೆಯೋ ಅಲ್ಲಿಗೆ ನಾವೇ ಇಳೀಬೇಕು. ಅಲ್ಲಿ ಅದರ ಜೊತೆ ಸ್ವಲ್ಪ ದಿನ ಇದ್ದು, ಆಮೇಲೆ ಇಬ್ರೂ ಒಟ್ಟಿಗೆ ಮೇಲೆ ಬರ್ಬೇಕು.” ಆಕೆಯ ಹೆಸರು ಕೇಳುವುದರೊಳಗೆ ಪಲ್ಯ ಬಡಿಸುವವನು ಕರೆದ.

ಮಾರನೆಯ ಸೋಮವಾರ ನಿನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ನೀನಿದ್ದ ಕಡೆಗೆ ಇಳಿದೆ. ನನ್ನ ಗಂಟಲಿಗೆ ಅದು ನಿಲುಕುವ ಜಾಗವಲ್ಲ, ಕೆಮ್ಮಿದ ಹಾಗೆ ಹಾಡಿದೆ. ನೀನು ತಲೆಯೆತ್ತಿ ನೋಡಿದೆ, ನನ್ನ ಜಾಗಕ್ಕೆ ಇವರ್ಯಾಕೆ ಬಂದರು ಎನ್ನುವ ಹಾಗೆ. ಬೇಸಿಗೆ ರಜೆಗೆ ಮುಂಚೆ ನೀನು ಎಲ್ಲರ ಸಮಕ್ಕೆ ಬಂದಿದ್ದೆ, ಮುಂದಿನ ವರ್ಷ ಎಲ್ಲರನ್ನೂ ಹಿಂದೆ ಹಾಕಿದೆ. ಸಮ್ಮೇಳನದಿಂದ ಏನು ತಂದೆ ಎಂದು ನಮ್ಮ ಹೆಡ್‌ಮಾಸ್ಟರು ಕೇಳಿದರೆ ನಾನು ನಿನ್ನ ಹೆಸರು ಹೇಳಬೇಕು. ಅವರಿಗೆ ಅರ್ಥವಾಗುವುದಿಲ್ಲ ಎಂದು ಸುಮ್ಮನಿರುತ್ತೇನೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಇನ್ನೂ ತಪ್ಪಿಸಿಕೊಂಡರೆ ಕಾಗದ ಮುಗಿಯುತ್ತದೆ. ಪೋಸ್ಟ್ ಕರೆಯುವುದಿಲ್ಲ ಕಣೇ. ನನ್ನ ನಂತರ ಈ ಶಾಲೆಗೆ ಯಾರೂ ಬರುವುದಿಲ್ಲ, ಚಿಂತಾಮಣಿಗೂ ಇಲ್ಲ. ನೀನು ಹಿಂದಿ ತೆಗೆದುಕೋ. ನಾಳೆಯೇ ಹೋಗಿ ಒಪ್ಪಿಗೆ ಎಂದು ಹೇಳು. ಮನೆಯಲ್ಲಿ ಹಾಡಿಕೋ ಎಂದು ಸಮಾಧಾನ ಹೇಳಲು ನನಗೆ ಮನಸ್ಸು ಬರುತ್ತಿಲ್ಲ. ಮನೆಯಲ್ಲಿ ಹಾಡಿಕೊಳ್ಳುವುದು ಎಷ್ಟು ದಿನ ನಡೆಯುತ್ತದೆ ಎಂದು ನನಗೂ ಗೊತ್ತು, ನಿನಗೂ ಗೊತ್ತು. ನಿನ್ನನ್ನು ಹತ್ತು ವರ್ಷ ತಿದ್ದಿ ಕೊನೆಗೆ ಈ ಮಾತು ಹೇಳುತ್ತಿದ್ದೇನೆ. ನನಗೆ ತುಂಬ ಸಂಕಟವಾಗುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ.

ನಿಮ್ಮ ಅಮ್ಮನಿಗೆ ನಾನೇ ಹೇಳುತ್ತೇನೆ. ಅವರು ಸಂತೋಷಪಟ್ಟರೆ ನೀನು ಕೋಪ ಮಾಡಿಕೊಳ್ಳಬೇಡ. ಅಬ್ಬಾನ ಕೈಗೆ ಒಳ್ಳೆಯ ಮುಲಾಮು ಕೊಡಿಸು. ಚಳಿ ಜಾಸ್ತಿ ಇದೆ, ಬೆಳಗಿನ ಬಸ್ಸಿಗೆ ಹೋಗುವಾಗ ಕಿವಿ ಮುಚ್ಚಿಕೋ. ಎಲ್ಲಿದ್ದರೂ, ಯಾವ ಪಾಠ ಹೇಳಿದರೂ, ನಿನ್ನ ಮಕ್ಕಳು ನಿನ್ನನ್ನು ಮರೆಯದೆ ಇರಲಿ. ದೇವರು ನಿನ್ನನ್ನು ತಂಪಾಗಿಟ್ಟಿರಲಿ.

ಇಂತಿ, ನಿನ್ನ ಮಿಸ್,
ರಾಮಲಕ್ಷ್ಮಮ್ಮ

ತಾ.ಕ.: ಲಕೋಟೆಗೆ ಹಾಕಿ ಅಂಟಿಸುವುದಕ್ಕೆ ಹೊರಟವಳು ಮತ್ತೆ ಬಿಚ್ಚಿದೆ. ಪೋಸ್ಟ್ ಇಲ್ಲ ಎಂದು ಹಿಂದಿ ತೆಗೆದುಕೋ ಎಂದೆ. ಅದು ಅರ್ಧ ನಿಜ.

ಮೊದಲ ದಿನದ ಪ್ರಾರ್ಥನೆ ನನ್ನದಿತ್ತು. ಆಹ್ವಾನ ಪತ್ರಿಕೆಯಲ್ಲಿ ಹೆಸರೂ ಇತ್ತು. ಮೈಕಿನ ಹತ್ತಿರ ನಿಂತಿದ್ದೆ. ವೆಂಕಟರವಣಪ್ಪನವರು ಬಂದು, “ಸಾಹೇಬ್ರಿಗೆ ಟೈಮಿಲ್ಲ ಮೇಡಂ, ಪೆನ್ ಡ್ರೈವಲ್ಲಿ ಹಾಕ್ಬಿಡ್ತೀವಿ, ಚಿಕ್ಕದಾಗಿದೆ” ಎಂದರು. ಸಭೆ ತುಂಬ ಸಂಗೀತದ ಮೇಷ್ಟ್ರುಗಳು ಎದ್ದು ನಿಂತರು, ಪ್ರಾರ್ಥನೆಯನ್ನು ಯಂತ್ರ ಹಾಡಿತು. ಹಾಡು ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು.

ಒಬ್ಬರೂ ಮುಂದುವರಿಸಲಿಲ್ಲ, ಕಹಕಶಾನ್. ಎಲ್ಲರಿಗೂ ಬರುವ ಹಾಡು, ದಿನಾ ಬೆಳಗ್ಗೆ ಮಕ್ಕಳ ಕೈಲಿ ಹಾಡಿಸುವ ಹಾಡು. ಹಿರಿಯರು ಎತ್ತಲಿ ಎಂದು ಕಿರಿಯರು, ವೇದಿಕೆಯವರು ಹೇಳಲಿ ಎಂದು ಹಿರಿಯರು, ಎಲ್ಲರೂ ಕೈಕಟ್ಟಿಕೊಂಡು ಫ್ಯಾನು ನೋಡುತ್ತ ನಿಂತೆವು. ನನ್ನ ಮುಂದೆ ಜಾಗವಿತ್ತು, ಉಸಿರಿತ್ತು. ನಾನೂ ಹಾಡಲಿಲ್ಲ. ಯಾರೋ ಹೋಗಿ ಜನರೇಟರ್ ಹಾಕಿದರು, ಪೆನ್ ಡ್ರೈವು ಮೊದಲಿನಿಂದ ಹಾಡಿತು, ನಾವು ಕೂತೆವು. ಅದರ ಬಗ್ಗೆ ಎರಡು ದಿನ ಯಾರೂ ಒಂದು ಮಾತೂ ಆಡಲಿಲ್ಲ. ವೇಣುಗೋಪಾಲ್ ಮೇಷ್ಟ್ರೂ ಆಡಲಿಲ್ಲ.

ಅಲ್ಲಿ ನೀನಿದ್ದಿದ್ದರೆ ನೀನು ಹಾಡುತ್ತಿದ್ದೆ. ನಿನಗೆ ಇನ್ನೂ ಯಾರನ್ನಾದರೂ ಕೇಳಿ ಹಾಡುವ ಅಭ್ಯಾಸವಾಗಿಲ್ಲ. ನಮ್ಮ ಜೊತೆ ನಿಂತರೆ ಆ ಅಭ್ಯಾಸವೂ ಆಗಿಬಿಡುತ್ತದೆ. ಅದಕ್ಕೇ ಈ ಕೆಲಸ ಬೇಡ ಎಂದೆ.