ಅವ್ವನ ಸಾಲನ್ನು ಒಂದು ಸಾಲು ಕೆಳಗಿಳಿಸಿ

೨೪೧೧ನೇ ಇಸವಿ, ಹದಿಮೂರನೇ ತಿಂಗಳ ನಾಲ್ಕನೇ ದಿನ
ಪುಟಗಾವಲು ಮನೆ, ಬೆಟಗೇರಿ

ಬೆಟಗೇರಿಯ ಸುನಂದಕ್ಕ ಕೊಣ್ಣೂರ ಅವರಿಗೆ ಮಲ್ಲವ್ವನ ಶರಣು.

ಹದಿಮೂರನೇ ತಿಂಗಳೆಂದು ಓದಿ ನಗಬೇಡಿ, ನಮ್ಮ ವರ್ಷಕ್ಕೆ ತಿಂಗಳು ಅಷ್ಟಿವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಇಲ್ಲಿ ಕಾಯುವ ಹಳೆಯ ವೆಬ್ ಪುಟಗಳಿಂದಲೇ ಕಲಿತದ್ದು. ಹಿಂದಿನ ಕಾಲಕ್ಕೆ ಹೋಗುವ ಅಂಚೆಗೆ ನಾವು ಮರಳಂಚೆ ಎನ್ನುತ್ತೇವೆ. ಅದರಲ್ಲಿ ನಿಮಗೆ ಕಳಿಸುತ್ತಿರುವ ಮೂರನೇ ಕಾಗದ ಇದು. ಮೊದಲಿನ ಎರಡನ್ನೂ ಯಾರದೋ ಚೇಷ್ಟೆಯೆಂದು ಅಳಿಸಿ ಹಾಕಿದಿರೋ ಏನೋ, ಶಿವನೇ ಬಲ್ಲ!

ನೀವು ಈ ವಾರ ಕಟ್ಟುತ್ತಿರುವ, ನಿಮ್ಮ ಅವ್ವನ ಕೌದಿ ಹೊಲಿಗೆಗಳ ವೆಬ್ ಪುಟ ನನ್ನ ಮುಂದಿದೆ. ನಾಲ್ಕು ಬ್ರೌಸರುಗಳಲ್ಲಿ ಅದು ಪರದೆಯ ನಡುವೆ ಲಕ್ಷಣವಾಗಿ ನಿಲ್ಲುತ್ತದೆ. ಐದನೆಯದು ಎಲ್ಲಕ್ಕಿಂತ ಹಳೆಯದು; ಅದರಲ್ಲಿ ಎಡಗಡೆಗೆ ಹೋಗಿ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ನಡುನಿಲುವು ಎಂಬ ಪರೀಕ್ಷೆಯಿದೆ: ಐದರಲ್ಲೂ ನಡುವೆ ನಿಲ್ಲದ ಪುಟವನ್ನು ಅಳಿಸಿಬಿಡುತ್ತಾರೆ. ನಿಮ್ಮದರ ಸರದಿ ಸೋಮವಾರ. ನಮ್ಮ ಮೇಲಿನವರಾದ ಈರಭದ್ರಪ್ಪನವರ ಮುಂದೆ ಅಂಗಲಾಚಿದೆ. “ಎಡಕ್ಕ ಜೋತು ಬಿದ್ದದ್ದನ್ನ ಇಟ್ಕೊಂಡು ಏನ್ ಮಾಡೂದೈತವ್ವಾ, ತಗದ ಒಗಿ” ಎಂದರು. ಆ ಹೊಲಿಗೆ ಹಾಕಬಲ್ಲ ಕೈ ಈಗ ಒಂದೂ ಉಳಿದಿಲ್ಲ. ಪುಟ ಹೋದರೆ ಅದೂ ಹೋಯಿತು. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನೀವು ತಿದ್ದಿದಿರೇನೋ ಎಂದು ಗಳಿಗೆಗೊಮ್ಮೆ ತೆರೆದು ನೋಡುತ್ತೇನೆ.

ಪುಟಕ್ಕೆ ಅಗಲ ಕೊಟ್ಟಿದ್ದೀರಿ, ಎರಡೂ ಬದಿಯ ಅಂಚನ್ನು ಬ್ರೌಸರೇ ಸರಿಸಮ ಮಾಡಿಕೊಳ್ಳಲೆಂದು ‘ಆಟೋ’ ಎಂದೂ ಬರೆದಿದ್ದೀರಿ, ಅದಕ್ಕೆ ಹೆಸರಿಡುವಂತಿಲ್ಲ. ಆದರೆ ಪುಟ ಯಾವ ನಿಯಮದ್ದೆಂದು ಬ್ರೌಸರಿಗೆ ಸಾರುವ ಡಾಕ್‌ಟೈಪ್ ಸಾಲಿನ ಮೇಲೆ, ಓದುಗರಿಗೆ ಕಾಣದ ಒಂದು ಟಿಪ್ಪಣಿ ಇಟ್ಟಿದ್ದೀರಿ: “ಅವ್ವಾ, ನಿನಗ ಓದಾಕ ಬರೂದಿಲ್ಲಂತ ಗೊತ್ತೈತಿ. ಆದ್ರೂ ಮೊದಲನೇ ಸಾಲು ನಿಂದು.” ಆ ಮೊಂಡು ಬ್ರೌಸರ್ ಡಾಕ್‌ಟೈಪಿಗಿಂತ ಮೊದಲು ಏನು ಕಂಡರೂ ತನ್ನ ಹಳೇ ಚಾಳಿಗೆ ಬೀಳುತ್ತದೆ, ಆಟೋ ಗೀಟೋ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ನಕಲಿನಲ್ಲಿ ಟಿಪ್ಪಣಿಯನ್ನು ಕೆಳಗಿಟ್ಟು ನೋಡಿದೆ. ಪುಟ ಸರ್ರನೆ ನಡುವಿಗೆ ಬಂತು. ಹಿಗ್ಗಿದೆ. ಆಮೇಲೆ ನಿಮ್ಮ ಮಾತನ್ನು ಮತ್ತೊಮ್ಮೆ ಓದಿ, ಆ ನಕಲನ್ನು ಮುಚ್ಚಿಬಿಟ್ಟೆ.

ಅಳಿಸಬೇಡಿ, ಡಾಕ್‌ಟೈಪಿನ ಕೆಳಗಿಡಿ ಸಾಕು. ಪುಟ ಕಟ್ಟಿದವರ ಅಕ್ಷರ ಮುಟ್ಟುವ ಹಕ್ಕು ನಮಗಿಲ್ಲ, ಮುಟ್ಟಿದರೆ ಕೆಲಸ ಹೋಗುತ್ತದೆ. ಸೋಮವಾರದವರೆಗೆ ಕಾಯುತ್ತೇನೆ. ಆಗಲೂ ಪುಟ ಕದಲದಿದ್ದರೆ ನಾನೇ ಇಳಿಸುತ್ತೇನೆ. ಆಮೇಲೆ ಈರಭದ್ರಪ್ಪನವರ ಕಾಗದ ನಿಮಗೆ ಬಂದೀತು. ಅವ್ವನನ್ನು ಎರಡನೇ ಸಾಲಿಗೆ ಇಳಿಸಿದ್ದು ಯಾರೆಂದು ಕೇಳಿದರೆ, ಮಗಳಾದ ನಾನೇ ಎಂದು ಉತ್ತರ ಬರೆಯಿರಿ. ಆ ಒಂದು ಸುಳ್ಳು ನನಗಾಗಿ ಹೇಳಿ, ಅಕ್ಕಾ.